ಕರಿ ನಿಲುವಂಗಿಯ ಅಳತೆ

ಪೂಜೆ ಮುಗಿದು ಜನ ಇನ್ನೂ ಅಂಗಳದಲ್ಲಿ ನಿಂತು ಆಶೀರ್ವಾದದ ರೊಟ್ಟಿ ಮುರಿದು ತಿನ್ನುತ್ತಿದ್ದರು. ನಸೀಫ್ ಮಾವ ಗುಂಪು ಸೀಳಿಕೊಂಡು ಬಂದವರೇ ವಹೀಬನ ಬಲಗೈ ಹಿಡಿದು ಮುತ್ತಿಟ್ಟರು.

ಮೇಷ್ಟರ ಕೈಗೆ ಯಾರೂ ಮುತ್ತಿಡುವುದಿಲ್ಲ. ಪಾದ್ರಿಯ ಕೈಗೆ ಇಡುತ್ತಾರೆ. ವಹೀಬ ಕಾದ ಬಾಣಲೆ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ.

"ಇನ್ಮೇಲೆ ಅಭ್ಯಾಸ ಮಾಡ್ಕೋಬೇಕಪ್ಪ," ಅಂದರು ನಸೀಫ್ ಮಾವ. ಅವರು ಎಳ್ಳೆಣ್ಣೆ ಗಿರಣಿಯ ಯಜಮಾನರು, ಚರ್ಚಿನ ಸಮಿತಿಗೆ ಹಿರಿಯರು. ಅವರು ಪಿಸುಗುಟ್ಟಿದರೂ ನೈಲಿನ ಆಚೆ ದಡಕ್ಕೆ ಕೇಳಿಸುತ್ತದೆ ಎಂದು ಊರು ನಗುತ್ತಿತ್ತು. ಹಾಗಾಗಿ ಸುದ್ದಿ ಅಂಗಳಕ್ಕೆಲ್ಲ ಒಟ್ಟಿಗೇ ತಿಳಿಯಿತು. ಚಳಿಗಾಲದಿಂದ ಖಾಲಿ ಬಿದ್ದಿದ್ದ ಪಾದ್ರಿಯ ಜಾಗಕ್ಕೆ ಸಮಿತಿ ಮೂರು ಹೆಸರು ಕಳಿಸಿತ್ತು. ಬಿಷಪ್ಪರು ವಹೀಬನ ಹೆಸರಿಗೆ ಹೂಂ ಅಂದಿದ್ದರು.

ಹೆಂಗಸರ ಕಡೆಯಿಂದ ನಾಲಿಗೆ ಹೊರಳಿಸುವ ಸಂಭ್ರಮದ ಕೂಗು ಎದ್ದಿತು. ಅವರ ನಡುವೆ ಅವನ ಅಕ್ಕ ಸುಆದ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

"ಮದುವೆ ಆಗಿಲ್ಲ ಅನ್ನೋದೊಂದು ಕೊರತೆ," ನಸೀಫ್ ಮಾವ ಅವನ ಬೆನ್ನು ತಟ್ಟಿದರು. "ಅದನ್ನ ನಾವು ತುಂಬಿಸ್ತೀವಿ, ಮೇಷ್ಟ್ರೇ."

ನಮ್ಮಲ್ಲಿ ಊರಿನ ಪಾದ್ರಿ ಸಂಸಾರಸ್ಥನೇ ಆಗಿರಬೇಕು, ಅದೂ ದೀಕ್ಷೆಗೆ ಮುಂಚೆಯೇ. ಒಮ್ಮೆ ದೀಕ್ಷೆಯಾದ ಮೇಲೆ ಬಿಡುಗಡೆ ಎಂಬುದು ಅವನಿಗೂ ಇಲ್ಲ, ಅವನ ಕೈ ಹಿಡಿದವಳಿಗೂ ಇಲ್ಲ.

ವಹೀಬ ಸರಕಾರಿ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ. ಭಾನುವಾರ ಮಕ್ಕಳಿಗೆ ಸಂತರ ಕಥೆ ಹೇಳುತ್ತಿದ್ದ. ಬಿಳಿ ಅಂಗಿ ತೊಟ್ಟು ಬಲಿಪೀಠದ ಪಕ್ಕ ನಿಂತು ಹಾಡಿದರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಅಕ್ಕನ ಗಂಡ ಕುವೈತಿನಲ್ಲಿ, ಅಕ್ಕ ಒಬ್ಬಳೇ, ಅವಳಿಗಾಗಿ ತಮ್ಮ ನಿಂತಿದ್ದಾನೆ ಎಂದು ಊರು ತಾನೇ ಒಂದು ಕಾರಣ ಹುಡುಕಿಕೊಟ್ಟಿತ್ತು. ಅವನು ಅದನ್ನು ಅಲ್ಲಗಳೆದಿರಲಿಲ್ಲ.

ನಿಜವಾದ ಕಾರಣ ಗೊತ್ತಿದ್ದದ್ದು ಒಬ್ಬರಿಗೇ. ಅಬೂನಾ ಲೂಕಾ, ಹಿಂದಿದ್ದ ಪಾದ್ರಿ. ಪಾದ್ರಿಯನ್ನು ನಾವು ಅಬೂನಾ, ನಮ್ಮ ತಂದೆ, ಎನ್ನುತ್ತೇವೆ. ವಹೀಬನ ಪಾಪನಿವೇದನೆ ಕೇಳುತ್ತಿದ್ದವರು ಅವರೇ. ಕಾಲೇಜು ಮುಗಿಸಿ ಬಂದ ವರ್ಷ ಅವನು ಅವರ ಮುಂದೆ ಕೂತು, ತನ್ನ ಮನಸ್ಸು ಹೆಣ್ಣಿನ ಕಡೆ ಹೋಗುವುದೇ ಇಲ್ಲ, ಅಸ್ಯೂತಿನ ಹಾಸ್ಟೆಲಿನಲ್ಲಿ ಜೊತೆಗಿದ್ದ ಒಬ್ಬನನ್ನು ಮರೆಯಲು ಆಗುತ್ತಿಲ್ಲ ಎಂದು ಹೇಳಿದ್ದ. ಅಬೂನಾ ಅವನ ತಲೆಯ ಮೇಲೆ ಶಿಲುಬೆ ಇಟ್ಟು, ಮದುವೆಯಾಗಬೇಡ, ಒಂದು ಹುಡುಗಿಯ ಬಾಳಿನ ಜೊತೆ ಆಟ ಆಡಬೇಡ, ಉಳಿದದ್ದನ್ನು ನನಗೂ ದೇವರಿಗೂ ಬಿಡು ಅಂದಿದ್ದರು. ಅದನ್ನು ಬುದ್ಧಿವಾದ ಎಂದು ಹೇಳಲಿಲ್ಲ, ಆಜ್ಞೆ ಎಂದೇ ಹೇಳಿದ್ದರು.

ಆ ಅಬೂನಾ ಈಗ ಮರುಭೂಮಿಯ ಮಠದಲ್ಲಿ ಶಿಕ್ಷೆ ಅನುಭವಿಸುತ್ತಿದ್ದರು. ಊರಿನಲ್ಲಿ ರಮ್ಜಿ ಎಂಬ ಮದುವೆ ಫೋಟೋ ತೆಗೆಯುವ ಹುಡುಗನಿದ್ದ. ಗಂಡಿನ ಸಂಗ ಬಯಸಿದವನಂತೆ ಫೋನಿನಲ್ಲಿ ಸ್ನೇಹ ಬೆಳೆಸಿ ಅವನನ್ನು ಕರೆದವನು ಮಫ್ತಿ ಪೊಲೀಸಿನವನಾಗಿದ್ದ. ಜೈಲು ಮುಗಿಸಿ ಬಂದ ರಮ್ಜಿಗೆ ಪರಮಪ್ರಸಾದ ಕೊಡಕೂಡದು, ಮೊದಲು ಅವನು ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಳ್ಳಲಿ, ವೈದ್ಯರ ಹತ್ತಿರ ಹೋಗಲಿ ಎಂದು ಬಿಷಪ್ಪರು ಹೇಳಿ ಕಳಿಸಿದರು. ಅಬೂನಾ ಲೂಕಾ, ಅವನ ನಿವೇದನೆ ನಾನು ಕೇಳಿದ್ದೇನೆ, ಅಷ್ಟು ಸಾಕು ಎಂದು ಮುಂದಿನ ಪೂಜೆಯಲ್ಲೇ ಎಲ್ಲರ ಎದುರು ಅವನ ಬಾಯಿಗೆ ಪ್ರಸಾದವಿಟ್ಟರು. ಅಂದಿನಿಂದ ಊರು ಎರಡು ಹೋಳು. ಅರ್ಧ ಜನಕ್ಕೆ ಲೂಕಾ ಸಂತ, ಉಳಿದರ್ಧಕ್ಕೆ ದ್ರೋಹಿ. ಎರಡೂ ಕಡೆಯವರು ಒಪ್ಪಿದ ಏಕೈಕ ಹೆಸರು ವಹೀಬನದು. ಏಕೆಂದರೆ ಆ ಜಗಳದಲ್ಲಿ ಅವನು ಒಂದೇ ಒಂದು ಮಾತಾಡಿರಲಿಲ್ಲ. ಹೆದರಿ ಸುಮ್ಮನಿದ್ದದ್ದನ್ನು ಊರು ಗಾಂಭೀರ್ಯ ಅಂದುಕೊಂಡಿತ್ತು.

ಅವನು ಅಂದೇ ಸಂಜೆ ಸಮಿತಿಯ ಮುಂದೆ ಹೋಗಿ ಆಗುವುದಿಲ್ಲ ಅಂದ. ನಾನು ಯೋಗ್ಯನಲ್ಲ ಅಂದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ನಾನು ಪಾಪಿ, ನೀವು ತಿಳಿದಂಥವನಲ್ಲ ಅಂದ. ಒಬ್ಬ ಮುದುಕ ಎದ್ದು ಬಂದು ಅವನ ಹೆಗಲಿಗೆ ಮುತ್ತಿಟ್ಟು ಕೂತ. ಆಗ ವಹೀಬನಿಗೆ ತಾನು ಎಂಥ ಬೋನಿನೊಳಗೆ ಬಿದ್ದಿದ್ದೇನೆ ಎಂಬುದು ಹೊಳೆಯಿತು. ನಮ್ಮ ಸಂತರ ಕಥೆಗಳೆಲ್ಲ ಶುರುವಾಗುವುದೇ ಹೀಗೆ. ದೀಕ್ಷೆ ಕೊಡಲು ಬಂದರೆಂದು ಒಬ್ಬ ಜೊಂಡಿನ ಪೊದೆಯಲ್ಲಿ ಅಡಗಿದ್ದ. ಇನ್ನೊಬ್ಬ ಅಂಗಹೀನನಿಗೆ ದೀಕ್ಷೆ ಇಲ್ಲವೆಂದು ಕಿವಿಯನ್ನೇ ಕೊಯ್ದುಕೊಂಡಿದ್ದ. ಒಲ್ಲೆ ಎಂದವನನ್ನೇ ಹಿಡಿದು ತರಬೇಕು, ಅವನೇ ನಿಜವಾದ ಪಾದ್ರಿ. ಇದನ್ನು ಭಾನುವಾರದ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ಅವನೇ.

ಬೆಳಗಾಗುತ್ತಲೇ ಅವನು ಮರುಭೂಮಿಯ ಬಸ್ಸು ಹತ್ತಿದ. ಅಬೂನಾ ಲೂಕಾರನ್ನು ಕೇಳದೆ ಏನೂ ತೋಚುತ್ತಿರಲಿಲ್ಲ. ಶಿಕ್ಷೆಯಲ್ಲಿರುವವರನ್ನು ಯಾರೂ ನೋಡುವಂತಿರಲಿಲ್ಲ. ಆದರೆ ಅಡುಗೆಮನೆಯ ಸನ್ಯಾಸಿ ವಹೀಬನ ಮುಖ ನೋಡಿ ಏನನ್ನೋ ಅರಿತವನಂತೆ, ಬೇಳೆಯಲ್ಲಿ ಕಲ್ಲು ಆರಿಸಲು ನಿನ್ನ ಕೈಯೂ ಸೇರಿದರೆ ಬೇಗ ಮುಗಿಯುತ್ತದೆ ಎಂದು ಒಳಗೆ ಬಿಟ್ಟ. ತಟ್ಟೆಯ ಆಚೆ ಬದಿಯಲ್ಲಿ ಅಬೂನಾ ಕೂತಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು.

ವಹೀಬ ಎಲ್ಲ ಹೇಳಿದ. ಅಬೂನಾ ಬೇಳೆಯಿಂದ ಕಣ್ಣೆತ್ತಲಿಲ್ಲ.

"ಮದುವೆ ಬೇಡ ಅಂದಿದ್ದೆ. ಈಗಲೂ ಅದೇ ಮಾತು."

"ಅವರು ಬಿಡಲ್ಲ ಅಬೂನಾ."

"ಬಿಷಪ್ಪರು ಇಲ್ಲಿಗೆ ಬಂದಾಗ ನಿಮ್ಮ ಮೂವರ ವಿಷಯ ನನ್ನನ್ನ ಕೇಳಿದ್ರು. ನಿನ್ನ ವಿಷಯ ನಾನು ಒಂದಕ್ಷರ ಆಡಲಿಲ್ಲ. ಹೆದರಬೇಡ."

ಅಷ್ಟರಲ್ಲಿ ಮಠದ ಗೋಡೆಯಾಚೆ ಹಾರನ್ನು ಕೇಳಿಸಿತು. ಒಂದರ ಹಿಂದೆ ಒಂದು ಎರಡು ವ್ಯಾನು. ನಸೀಫ್ ಮಾವ, ಸಮಿತಿಯವರು, ಹಾಡುವ ಹುಡುಗರು, ಮುಂದಿನ ಸೀಟಿನಲ್ಲಿ ಹೊಸ ತಲೆವಸ್ತ್ರ ಹೊದ್ದ ಸುಆದ್. ವಹೀಬ ಮಠಕ್ಕೆ ಓಡಿಹೋದ ಎಂಬ ಸುದ್ದಿ ಊರಿಗೆ ಮುಟ್ಟಿದಾಗ ಯಾರಿಗೂ ಅಚ್ಚರಿಯಾಗಿರಲಿಲ್ಲ. ಹೀಗೇ ಆಗಬೇಕಿತ್ತು ಎಂಬ ಸಂತೋಷವಾಗಿತ್ತು. ಹುಡುಗರು ಅವನ ಎರಡೂ ತೋಳು ಹಿಡಿದರು. ನಗುನಗುತ್ತಲೇ ಹಿಡಿದಿದ್ದರು, ಆದರೆ ಬಿಗಿಯಾಗಿ ಹಿಡಿದಿದ್ದರು. ದಾರಿಯುದ್ದಕ್ಕೂ ಹಾಡು, ಚಪ್ಪಾಳೆ. ಕಿಟಕಿಯಾಚೆ ಮರಳು. ನೀವು ಎಂಥವನನ್ನು ಒಯ್ಯುತ್ತಿದ್ದೀರಿ ಗೊತ್ತೇ ಎಂದು ವಹೀಬನಿಗೆ ಕೂಗಬೇಕೆನಿಸಿತು. ಕೂಗಿದ್ದರೆ ಅದಕ್ಕೂ ಚಪ್ಪಾಳೆ ಬೀಳುತ್ತಿತ್ತು.

ಹುಡುಗಿಯನ್ನು ಬಿಷಪ್ಪರೇ ಸೂಚಿಸಿದ್ದರು. ನಸೀಫ್ ಮಾವನ ಕಿರಿಯ ಮಗಳು ಇರೀನಿ, ಔಷಧದಂಗಡಿ ಇಟ್ಟವಳು. ದೇವಮಾತೆಯ ಉಪವಾಸ ಹಿಡಿಯುವ ಮುಂಚೆ ಮದುವೆ, ಉಪವಾಸ ಬಿಟ್ಟ ಮೇಲೆ ದೀಕ್ಷೆ ಎಂದು ಗೊತ್ತಾಯಿತು. ವಾರದೊಳಗೆ ಅವರ ಮನೆಗೆ ಹೋಗಿ ಬರಬೇಕಾಯಿತು. ಸುಆದ್ ಬೆಣ್ಣೆಯಲ್ಲಿ ಬೇಯಿಸಿದ ಪದರದ ರೊಟ್ಟಿ ಕಟ್ಟಿಕೊಂಡು ಹೊರಟಳು.

ದೊಡ್ಡವರು ಒಳಗೆ ಮಾತಾಡುತ್ತ ಇವರಿಬ್ಬರನ್ನು ಬಾಲ್ಕನಿಯಲ್ಲಿ ಕೂರಿಸಿದರು. ಬಾಗಿಲು ಅರ್ಧ ತೆರೆದಿತ್ತು.

ಇರೀನಿಗೆ ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿರಲಿಲ್ಲ. "ಪಾದ್ರಿ ಹೆಂಡತಿ ಜೋರಾಗಿ ನಗಬಾರದಂತೆ. ಅತ್ತೆ ಹೇಳಿಕೊಟ್ಟಿದಾರೆ. ನಾನು ನಗೋದೇ ಜೋರು," ಅಂದಳು. ವಹೀಬನಿಗೆ ಅವಳು ಇಷ್ಟವಾದಳು. ಅದೇ ಅವನನ್ನು ಇನ್ನಷ್ಟು ಹೆದರಿಸಿತು. ಅವಳು ಸ್ವಲ್ಪ ಹೊತ್ತು ಕೆಳಗಿನ ಬೀದಿ ನೋಡಿ ಮೆಲ್ಲಗೆ, "ನನಗೆ ಹೆದರಿಕೆ ಇದೆ. ನಿಮಗೆ?" ಅಂದಳು.

"ಇದೆ," ಅಂದ ಅವನು. ಅಷ್ಟು ದಿನದಲ್ಲಿ ಊರಿನಲ್ಲಿ ಅವನು ಆಡಿದ ನಿಜವನ್ನು ಹಾಗೆಯೇ ತೆಗೆದುಕೊಂಡವಳು ಅವಳೊಬ್ಬಳೇ.

ಮನೆಗೆ ಬಂದ ಮೇಲೆ ಅನ್ನ ಮುಟ್ಟದೆ ಕೂತಿದ್ದ ತಮ್ಮನನ್ನು ಸುಆದ್ ಚುಚ್ಚಿದಳು. "ಎಷ್ಟು ದಿನ ಈ ಬಿಂಕ? ಆ ಪಕ್ಕದೂರಿನ ಹಬೀಬ್ ನೋಡು. ನನ್ನನ್ನ ಪಾದ್ರಿ ಮಾಡಿ, ನನ್ನನ್ನ ಮಾಡಿ ಅಂತ ಮನೆ ಮನೆ ತಿರುಗಿದ. ಚಪ್ಪಲಿ ತೋರಿಸಿ ಓಡಿಸಿದ್ರು. ಕೇಳಿದವನಿಗೆ ಯಾರು ಕೊಡ್ತಾರೆ? ನಿನಗೆ ತಾನಾಗಿ ಬಂದಿದೆ, ನೀನು ಮುಖ ಊದಿಸ್ಕೊಂಡು ಕೂತಿದ್ದೀಯ."

ವಹೀಬ ತಟ್ಟೆಯಿಂದ ಕಣ್ಣೆತ್ತಿ ಅಕ್ಕನನ್ನು ನೋಡಿದ. ಆಮೇಲೆ ಉಣ್ಣತೊಡಗಿದ.

ಮರುದಿನ ಅವನು ಪೇಟೆಯ ನಡುಮಧ್ಯೆ ಇರುವ ಗಬ್ರಿಯಾಲನ ಅಂಗಡಿಗೆ ಹೋದ. ಆ ಜಿಲ್ಲೆಯ ಪಾದ್ರಿಗಳ ಕರಿ ನಿಲುವಂಗಿಗಳೆಲ್ಲ ಅಲ್ಲೇ ಹೊಲಿಯುವುದು. ದೀಕ್ಷೆಯ ದಿನ ನಿಲುವಂಗಿಯನ್ನು ಬಿಷಪ್ಪರು ಕೊಡುತ್ತಾರೆ, ತೊಡುವವನು ಅದರ ಕಡೆ ನೋಡುವುದೂ ಇಲ್ಲ. ಅಳತೆ ಬೇಕಾದರೆ ಮನೆಯವರು ಹಳೆಯ ಅಂಗಿಯೊಂದನ್ನು ಗುಟ್ಟಾಗಿ ತಂದು ಕೊಡುವುದು ರೂಢಿ. ಮದುವೆಯೂ ಆಗಿರದ ವಹೀಬ ಅಂಗಡಿಯ ಹೊಸ್ತಿಲಲ್ಲಿ ನಿಂತು, ತೋಳು ಚಾಚಿ, ನನಗೆ ನಿಲುವಂಗಿಯ ಅಳತೆ ತೆಗಿ ಅಂದ.

ಗಬ್ರಿಯಾಲನ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು.

"ಒಳ್ಳೇ ಬಟ್ಟೆ ತೋರಿಸಪ್ಪ," ಅಂದ ವಹೀಬ. "ಹೊರದೇಶದ್ದು. ಲೂಕಾ ಹಾಕ್ತಿದ್ದ ಥರದ್ದು ಬೇಡ. ಎರಡು ಹೊಲಿ. ತೋಳಿನ ಅಂಚಿಗೆ ರೇಷ್ಮೆ ಇರಲಿ." ಅವನ ಧ್ವನಿ ನಡುಗುತ್ತಿತ್ತು. ಆಸೆಯಿಂದ ನಡುಗುತ್ತಿದೆ ಎಂದು ಅಂಗಡಿಯಲ್ಲಿದ್ದವರು ತಿಳಿದರು. ಟೇಪು ಎದೆಯ ಸುತ್ತ ಬಂದಾಗ ಅವನು ಉಸಿರು ಹಿಡಿದ.

ಅಲ್ಲಿಂದ ಅವನು ಚರ್ಚಿಗೆ ಹೋಗಿ ಮೇಲಿನ ಮಹಡಿಯಲ್ಲಿದ್ದ ಪಾದ್ರಿಯ ಮನೆಯ ಬೀಗ ತೆಗೆಸಿದ. ಮಲಗುವ ಕೋಣೆಗೆ ಎಸಿ ಬೇಕು ಅಂದ. ಅಡುಗೆಮನೆಯ ಗೋಡೆಗೆ ಹೊಸ ಟೈಲ್ಸ್ ಬೇಕು ಅಂದ. ಸಮಿತಿ ಕಾರು ಕೊಡುತ್ತದೋ, ಕೊಟ್ಟರೆ ಹೊಸದೋ ಹಳತೋ ಎಂದು ವಿಚಾರಿಸಿದ. ಮುಂದಿನ ಭಾನುವಾರ ಅಂಗಳದಲ್ಲಿ ಒಬ್ಬ ಮುದುಕಿ ಎದುರಾದಾಗ ತಾನೇ ಕೈ ಮುಂದೆ ಚಾಚಿದ. ಮುದುಕಿ ಆ ಕೈಯನ್ನು ನೋಡಿದಳು. ಮುತ್ತಿಡದೆ ಪಕ್ಕಕ್ಕೆ ಸರಿದು ಹೋದಳು. ಅವನ ಕೈ ಗಾಳಿಯಲ್ಲೇ ಉಳಿಯಿತು. ಅವಳು ಅವನಿಗೆ ಅಕ್ಷರ ಕಲಿಯುವ ಮೊದಲೇ ಪ್ರಾರ್ಥನೆ ಕಲಿಸಿದವಳು.

ಅಷ್ಟು ಸಾಕಾಯಿತು. ಊರಿನ ಮನಸ್ಸು ಹಾಲು ಒಡೆದ ಹಾಗೆ ಒಡೆಯಿತು. ಹೇಗೆ ಮುಖವಾಡ ಹಾಕಿದ್ದ ನೋಡಿ ಅಂದರು. ಮಠಕ್ಕೆ ಓಡಿದ್ದೂ ನಾಟಕವೇ ಅಂದರು. ಕಾಫಿ ಅಂಗಡಿಯ ಮುಂದೆ ಹಾದಾಗ ಹುಡುಗರು, ಅಬೂನಾ ಎಸಿ ಬಂದರು ದಾರಿ ಬಿಡಿ ಎಂದು ಹಿಂದಿನಿಂದ ಕೂಗಿದರು. ನಸೀಫ್ ಮಾವ ಮಾತ್ರ ಏನೂ ಕೂಗಲಿಲ್ಲ. ಮೊದಲ ಸಲ ಅವರು ನಿಜವಾಗಿಯೂ ಮೆಲ್ಲಗೆ ಮಾತಾಡಿ, ನಿಶ್ಚಿತಾರ್ಥವನ್ನು ಸದ್ಯಕ್ಕೆ ಮುಂದೂಡೋಣ ಅಂದರು.

ಅಕ್ಕನಿಗೆ ತಲೆನೋವಿನ ಮಾತ್ರೆ ತರಲು ಔಷಧದಂಗಡಿಗೆ ಹೋಗಲೇಬೇಕಾಯಿತು. ಇರೀನಿ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಮುಂದೆ ಸರಿಸಿದಳು.

"ಬಾಲ್ಕನಿಯಲ್ಲಿ ಕೂತಿದ್ದವರು ಬೇರೆ ಯಾರೋ ಇರಬೇಕು," ಅಂದಳು. "ನಾನು ಬೇಡ ಅಂತಿದ್ರೆ ನೇರ ಹೇಳಬಹುದಿತ್ತು. ಇಷ್ಟೆಲ್ಲ ಯಾಕೆ?"

"ನಿಮ್ಮ ತಪ್ಪು ಏನೂ ಇಲ್ಲ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಏನೋ ಅರ್ಥವಾಗುವ ಅಂಚಿಗೆ ಬಂದ ಹಾಗೆ ಕಂಡಿತು. ವಹೀಬ ಮಾತ್ರೆ ತೆಗೆದುಕೊಂಡು ಓಡುವ ಹಾಗೆ ಹೊರಬಂದ.

ಮನೆಯಲ್ಲಿ ಸುಆದ್ ಮಾತು ಬಿಟ್ಟಿದ್ದಳು. ಅಡುಗೆ ಮಾಡಿ ಮುಚ್ಚಿಟ್ಟು ತನ್ನ ಕೋಣೆಗೆ ಹೋಗುತ್ತಿದ್ದಳು. ಪಾದ್ರಿಯ ಅಕ್ಕ ಎನಿಸಿಕೊಂಡ ನಾಲ್ಕು ದಿನದಲ್ಲಿ ಅವಳ ಬೆನ್ನು ನೆಟ್ಟಗಾಗಿತ್ತು, ಈಗ ಮತ್ತೆ ಬಾಗಿತ್ತು. ಅವಳಿಗೆ ಹೇಳಿಬಿಡಬೇಕೆಂದು ಅವನು ಎರಡು ಸಲ ಅವಳ ಬಾಗಿಲ ತನಕ ಹೋದ. ಎರಡು ಸಲವೂ ರಮ್ಜಿಯ ತಾಯಿ ನೆನಪಾದಳು. ಮಗನ ಸುದ್ದಿ ತಿಳಿದ ದಿನ ಆಕೆ ನಡುಬೀದಿಯಲ್ಲಿ ತಲೆಗೆ ಮಣ್ಣು ಸುರಿದುಕೊಂಡಿದ್ದಳು. ಅವನು ಬಾಗಿಲು ತಟ್ಟದೆ ವಾಪಸಾದ.

ಆದರೂ ಒಳಗೊಳಗೆ ಉಸಿರು ಸಡಿಲವಾಗುತ್ತಿತ್ತು. ದುರಾಸೆಯವನು ಎಂಬ ಹೆಸರು ಹೊತ್ತು ಬದುಕಬಹುದು. ಆ ಹೆಸರಿಗೆ ಜೈಲಿಲ್ಲ. ಹೀಗೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದಾಗಲೇ ಬಿಷಪ್ಪರ ಕಚೇರಿಯಿಂದ ಕರೆ ಬಂತು. ಸೈದ್ನಾ ನೋಡಬೇಕಂತೆ, ಒಬ್ಬರೇ ಬರಬೇಕಂತೆ. ಬಿಷಪ್ಪರನ್ನು ನಾವು ಕರೆಯುವುದು ಹಾಗೆ, ನಮ್ಮ ಒಡೆಯ ಎಂದು.

ಸುಆದ್ ಮಾತಾಡದೆಯೇ ತಲೆವಸ್ತ್ರ ಹೊದ್ದು ಜೊತೆಗೆ ಹೊರಟಳು. ಬೇಡ ಅಂದರೂ ಕೇಳಲಿಲ್ಲ. ಬಿಷಪ್ಪರ ಅಂಗಳದಲ್ಲಿ, ಅರ್ಜಿ ಹಿಡಿದು ಕಾಯುವ ಹೆಂಗಸರ ನಡುವೆ ಹೋಗಿ ಕೂತಳು. ಅವನೊಬ್ಬನೇ ಮೆಟ್ಟಿಲು ಹತ್ತಿದ.

ಕೋಣೆ ತಂಪಾಗಿತ್ತು. ಗೋಡೆಯ ಮೇಲೆ ಹಿಂದಿನ ಬಿಷಪ್ಪರ ಪಟಗಳು ಸಾಲಾಗಿದ್ದವು. ಎಲ್ಲರ ಕಣ್ಣೂ ಬಾಗಿಲ ಕಡೆಗೇ ಇದ್ದವು. ಸೈದ್ನಾ ತೀರ ಸಣ್ಣ ಆಳು, ಮಾತು ಮೃದು. ವಹೀಬ ಕೈಗೆ ಮುತ್ತಿಟ್ಟಾಗ ಅವರು ಅವನ ಕೈಯನ್ನು ಕೂಡಲೇ ಬಿಡಲಿಲ್ಲ.

"ಬೆರಳು ತಣ್ಣಗಿದೆಯಲ್ಲ ಮಗನೇ. ಕೂತ್ಕೋ."

ಯಾರೋ ದಾಸವಾಳದ ಕೆಂಪು ಪಾನಕ ತಂದಿಟ್ಟು ಬಾಗಿಲು ಎಳೆದುಕೊಂಡು ಹೋದರು.

ಸೈದ್ನಾ ಮೊದಲು ಶಾಲೆಯ ವಿಷಯ ಕೇಳಿದರು, ಅಕ್ಕನ ಗಂಡನ ಕೆಲಸದ ವಿಷಯ ಕೇಳಿದರು. ಆಮೇಲೆ ಅದೇ ಧ್ವನಿಯಲ್ಲಿ, "ಬೇಡ ಬೇಡ ಅಂತ ಓಡಿದವರನ್ನ ನಾನು ನೋಡಿದೀನಿ. ಕೊಡಿ ಕೊಡಿ ಅಂತ ಈ ಬಾಗಿಲು ಕಾದವರನ್ನೂ ನೋಡಿದೀನಿ. ಒಂದೇ ತಿಂಗಳಲ್ಲಿ ಎರಡನ್ನೂ ಮಾಡಿದವನು ನೀನೊಬ್ಬನೇ," ಅಂದರು. "ಅದರಲ್ಲಿ ಯಾವುದು ನಾಟಕ?"

"ನನಗೆ ಆಸೆ ಇತ್ತು ಸೈದ್ನಾ. ಮುಚ್ಚಿಟ್ಟಿದ್ದೆ."

"ಎಸಿ ಆಸೆ."

"ಹೌದು."

ಸೈದ್ನಾ ನಕ್ಕರು. ಮೇಜಿನ ಮೇಲಿದ್ದ ಕೈಶಿಲುಬೆಯನ್ನು ಎತ್ತಿ ಅಂಗೈಯಲ್ಲಿ ತಿರುಗಿಸಿದರು. "ನಿಮ್ಮ ಮೂವರ ವಿಷಯ ಲೂಕಾನನ್ನ ಕೇಳಿದ್ದೆ. ಒಬ್ಬನಿಗೆ ಮೂಗಿನ ಮೇಲೆ ಸಿಟ್ಟು ಅಂದ. ಇನ್ನೊಬ್ಬನ ಹೆಂಡತಿ ಒಪ್ಪಲ್ಲ ಅಂದ. ನಿನ್ನ ಹೆಸರು ಎತ್ತಿದ್ದೇ ತಡ, ಬಾಯಿಗೆ ಬೀಗ. ತನ್ನ ಶಿಷ್ಯ, ಹೊಗಳೋಕೆ ಸಂಕೋಚ ಅಂದ್ಕೊಂಡಿದ್ದೆ. ಈಗ ಬೇರೆ ಯೋಚನೆ ಬರ್ತಿದೆ. ಆ ಇಬ್ಬರೂ ಅವನ ಹತ್ರ ನಿವೇದನೆ ಮಾಡುವವರಲ್ಲ. ನೀನು ಮಾಡುವವನು."

ವಹೀಬನನ್ನು ಕಾಪಾಡಲೆಂದು ಅಬೂನಾ ಮಾಡಿದ ಮೌನವೇ ಬೆರಳು ಮಾಡಿ ತೋರಿಸಿತ್ತು. ಪಾಪ, ಅಬೂನಾಗೆ ಅದು ಹೊಳೆದೇ ಇರಲಿಲ್ಲ.

ಅವನು ಬಾಯಿ ತೆರೆದ. ಸೈದ್ನಾ ಕೈಯೆತ್ತಿ ತಡೆದರು.

"ಹೇಳಬೇಡ. ಹೇಳಿದ್ರೆ ನಾನು ಕೇಳಿಸಿಕೊಂಡ ಹಾಗಾಗುತ್ತೆ. ಕೇಳಿಸಿಕೊಂಡ ಮೇಲೆ ಸುಮ್ಮನಿರೋಕಾಗಲ್ಲ." ಅವರು ಮುಂದಕ್ಕೆ ಬಾಗಿದರು. "ನಾನು ಹೇಳೋದು ಕೇಳು. ಜನರ ಬಾಯಿ ನಾನು ಮುಚ್ಚಿಸ್ತೀನಿ. ನಿಲುವಂಗಿ ಕಥೆ ದರ್ಜಿಯ ಕಟ್ಟುಕಥೆ ಅಂತ ಆಗುತ್ತೆ. ನಸೀಫ್ ನಾನು ಹೇಳಿದ್ದನ್ನ ಮೀರಲ್ಲ. ಇರೀನಿ ಒಳ್ಳೇ ಹುಡುಗಿ. ಮಕ್ಕಳಾದ್ರೆ ಮನುಷ್ಯ ಬದಲಾಗ್ತಾನೆ. ದೀಕ್ಷೆ ಆದ ಮೊದಲ ಭಾನುವಾರ ಬಲಿಪೀಠದ ಮುಂದೆ ನಿಂತು ಆ ಫೋಟೋದವನ ವಿಷಯ ಏನು ಹೇಳಬೇಕೋ ನೀನೇ ಹೇಳ್ತೀಯ. ಲೂಕಾ ತಲೆ ಎತ್ತಿದ. ಹೆದರಿಕೆ ಇರೋ ಮನುಷ್ಯ ತಲೆ ಎತ್ತಲ್ಲ. ನನಗೆ ಅಂಥವನೇ ಬೇಕು."

ಇಷ್ಟು ದಿನ ವಹೀಬ ಹೆದರಿದ್ದು ಗೊತ್ತಾದರೆ ಹೊರಗೆ ತಳ್ಳುತ್ತಾರೆ ಎಂದು. ಗೊತ್ತಿದ್ದೂ ಒಳಗೆ ಎಳೆದುಕೊಳ್ಳುತ್ತಾರೆ ಎಂಬುದು ಅವನ ಕನಸಿಗೂ ಬಂದಿರಲಿಲ್ಲ. ಆ ಬಾಗಿಲು ತೀರ ಸುಲಭದ್ದಾಗಿತ್ತು. ಹೂಂ ಅಂದರೆ ಅಕ್ಕನ ಬೆನ್ನು ನೆಟ್ಟಗಾಗುತ್ತದೆ. ಪೊಲೀಸರು ಪಾದ್ರಿಯ ಮನೆಗೆ ಬರುವುದಿಲ್ಲ. ಕಾಫಿ ಅಂಗಡಿಯ ಹುಡುಗರು ಎದ್ದು ನಿಲ್ಲುತ್ತಾರೆ. ಮೇಲಿನ ಮಹಡಿಯ ಆ ಮನೆಯಲ್ಲಿ ಒಬ್ಬಳು ಜೋರಾಗಿ ನಗುವುದನ್ನು ಮರೆಯುತ್ತ ಹೋಗುತ್ತಾಳೆ, ಯಾಕೆ ಎಂದು ಅವಳಿಗೆ ಕೊನೆಯ ತನಕ ತಿಳಿಯುವುದಿಲ್ಲ.

"ನನ್ನ ನಿವೇದನೆಯ ತಂದೆ ಮದುವೆ ಆಗಬೇಡ ಅಂತ ನನಗೆ ಆಜ್ಞೆ ಮಾಡಿದಾರೆ, ಸೈದ್ನಾ."

ಮಾತು ಹೊರಗೆ ಬಂದ ಮೇಲೆ ಅದು ತನ್ನದೇ ಧ್ವನಿ ಎಂದು ಅವನಿಗೆ ಗೊತ್ತಾಯಿತು.

ಸೈದ್ನಾ ಶಿಲುಬೆ ತಿರುಗಿಸುವುದನ್ನು ನಿಲ್ಲಿಸಿದರು. "ಯಾಕೆ?"

"ಅದು ನಿವೇದನೆಯ ಒಳಗಿನ ಮಾತು."

"ಲೂಕಾನನ್ನ ನಾನು ಕೆಲಸದಿಂದ ನಿಲ್ಲಿಸಿದೀನಿ."

"ಆಜ್ಞೆ ಅದಕ್ಕೂ ಮುಂಚಿಂದು."

ನಿವೇದನೆಯಲ್ಲಿ ಕೊಟ್ಟ ಆಜ್ಞೆಯನ್ನು ಇನ್ನೊಬ್ಬ ಕೆದಕುವಂತಿಲ್ಲ. ಬಿಷಪ್ಪರೂ ಕೆದಕುವಂತಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಇಬ್ಬರಿಗೂ ಗೊತ್ತಿದೆ ಎಂಬುದೂ ಗೊತ್ತಿತ್ತು. ಸೈದ್ನಾ ಎದ್ದು ಮೇಜು ಸುತ್ತಿ ಬಂದು ಅವನ ಕುರ್ಚಿಯ ಪಕ್ಕ ನಿಂತರು. ಅಷ್ಟು ಸಣ್ಣ ಆಳು ಈಗ ಅವನ ನೆತ್ತಿಯ ಮೇಲಿದ್ದರು.

"ಸರಿ. ಇವತ್ತಿಂದ ನಿನ್ನ ನಿವೇದನೆಯ ತಂದೆ ನಾನೇ. ಮಂಡಿಯೂರು. ಈಗಲೇ ಹೇಳು."

ಅವರು ಶಿಲುಬೆಯನ್ನು ಅವನ ತಲೆಯ ಮೇಲಕ್ಕೆ ತಂದರು. ಎಳವೆಯಿಂದ ಬಗ್ಗಿ ಅಭ್ಯಾಸವಾದ ಮಂಡಿ ತಾನಾಗಿ ಬಗ್ಗತೊಡಗಿತು. ವಹೀಬ ಕುರ್ಚಿಯ ಕೈಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದ. ಮೊಣಕೈ ತಗುಲಿ ಪಾನಕದ ಲೋಟ ಉರುಳಿ ಬಿಳಿ ಮೇಜುವಸ್ತ್ರದ ಮೇಲೆ ಕೆಂಪು ಹರಡಿತು. ಇಬ್ಬರೂ ಅದನ್ನು ನೋಡಿದರು. ಯಾರೂ ಒರೆಸಲಿಲ್ಲ.

"ಇಲ್ಲ ಸೈದ್ನಾ," ಅಂದ. "ನನಗೆ ತಂದೆ ಇದಾರೆ. ದೂರದಲ್ಲಿದಾರೆ, ಅಷ್ಟೆ."

"ನಿವೇದನೆ ಇಲ್ಲದೆ ಪ್ರಸಾದ ಇಲ್ಲ. ಗೊತ್ತಲ್ಲ?"

"ಗೊತ್ತು."

"ಲೂಕಾ ಬೇಗ ವಾಪಸ್ ಬರಲ್ಲ. ಬರದೇನೂ ಇರಬಹುದು."

ವಹೀಬ ಕುರ್ಚಿಯ ಕೈ ಬಿಡಲಿಲ್ಲ. ಸೈದ್ನಾ ಶಿಲುಬೆಯನ್ನು ಕೆಳಗಿಳಿಸಿ, ಹಾಡುವವರ ಬಿಳಿ ಅಂಗಿಯನ್ನು ಭಾನುವಾರದೊಳಗೆ ಚರ್ಚಿಗೆ ಒಪ್ಪಿಸಬೇಕು, ಮಕ್ಕಳ ತರಗತಿಗೆ ಇನ್ನು ಬರಬಾರದು ಎಂದು ಹೇಳಿದರು. ಸಿಟ್ಟು ಇರಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದರು. ಆಮೇಲೆ ಮುತ್ತಿಡಲು ಕೈ ಚಾಚಿದರು. ವಹೀಬ ಮುತ್ತಿಟ್ಟ.

"ನಾನು ನಿನ್ನನ್ನ ಮರೆಯಲ್ಲ ಮಗನೇ," ಅಂದರು ಸೈದ್ನಾ.

ಮೆಟ್ಟಿಲಿನ ನಡುವೆ ಅವನು ಗೋಡೆಗೆ ಒರಗಿ ಕೂತ. ಮೇಲಿಂದ ಯಾರೋ ಇಳಿದು ಬರುವ ಸದ್ದಾಯಿತು. ತನ್ನನ್ನೇ ಹಿಡಿಯಲು ಬಂದರು ಎನಿಸಿ ದಡಬಡನೆ ಎದ್ದ. ಮೇಜುವಸ್ತ್ರ ಹಿಡಿದ ಒಬ್ಬ ಸೇವಕಿ ಅವನನ್ನು ದಾಟಿ ಕೆಳಗೆ ಹೋದಳು.

ಅಂಗಳದಲ್ಲಿ ಸುಆದ್ ಎದ್ದು ನಿಂತಿದ್ದಳು. ಇಷ್ಟು ದಿನದ ಮೇಲೆ ಮೊದಲ ಸಲ ಮಾತಾಡಿದಳು.

"ಏನಂದ್ರು?"

"ಆಗಲ್ಲ ಅಂತ ಆಯ್ತು."

"ಅವರು ಆಗಲ್ಲ ಅಂದ್ರೋ, ನೀನು ಅಂದ್ಯೋ?"

"ನಾನು."

ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿದ. ಅವಳು ಬೈಯಲಿಲ್ಲ. ಅವನ ಮುಖ ನೋಡಿದಳು. ಆಮೇಲೆ ಅವನ ಹೆಗಲ ಮೇಲಿಂದ ಸೈದ್ನಾರ ಕೋಣೆಯ ಕಿಟಕಿಯನ್ನು ನೋಡಿದಳು. ಅಲ್ಲಿ ಪರದೆ ಸರಿದಿತ್ತೋ ಏನೋ, ಅವಳ ಮುಖದ ಬಣ್ಣ ಇಳಿಯಿತು. ಏನು ತಿಳಿಯಿತು, ಎಷ್ಟು ತಿಳಿಯಿತು ಎಂದು ಅವನಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

"ನಡಿ," ಅಂದಳು ಸುಆದ್ ಸಣ್ಣ ಧ್ವನಿಯಲ್ಲಿ. "ಬೇಗ ನಡಿ. ತಿರುಗಿ ನೋಡಬೇಡ."

ಚಿಕ್ಕಂದಿನಲ್ಲಿ ರೈಲು ಹಳಿ ದಾಟಿಸುವಾಗ ಹಿಡಿಯುತ್ತಿದ್ದ ಹಾಗೆ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಕಾಯುವ ಹೆಂಗಸರ ಸಾಲನ್ನು ಬಳಸಿ ಗೇಟಿನ ಕಡೆ ಎಳೆದುಕೊಂಡು ಹೊರಟಳು. ಅವಳ ಕೈಯೂ ತಣ್ಣಗಿತ್ತು. ಹೊರಗೆ ಬಿಸಿಲು ಸುಡುತ್ತಿತ್ತು. ಮೊದಲು ನಿಂತ ಬಾಡಿಗೆ ವ್ಯಾನು ಹತ್ತಿದರು. ಅದು ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರೂ ಕೇಳಲಿಲ್ಲ.